ಶಾಲೆಗೆ ಜಿಐಎಸ್‌: ಕಾಗದ ಸಾಕೇ, ಫೋನ್‌ ಬೇಕೇ, ಕ್ಯೂಜಿಐಎಸ್‌ ಆಗಬೇಕೇ?

ಸಮಾಜ ವಿಜ್ಞಾನದ ಶಿಕ್ಷಕರು ಭೇಟಿಯಾದಾಗಲೆಲ್ಲ ಬರುವ ಪ್ರಶ್ನೆ ಇದು: "ನಮ್ಮ ಶಾಲೆಯಲ್ಲೂ ಜಿಐಎಸ್‌ (ಭೌಗೋಳಿಕ ಮಾಹಿತಿ ವ್ಯವಸ್ಥೆ) ಆರಂಭಿಸಬೇಕೆಂದಿದ್ದೇವೆ, ಯಾವ ಸಾಫ್ಟ್‌ವೇರ್‌ ಹಾಕಿಸೋಣ?" ಹಳೆಯ ವಿದ್ಯಾರ್ಥಿಗಳು ಹಣ ಕೊಡಲು ಮುಂದೆ ಬಂದಿರುತ್ತಾರೆ. ಕಂಪನಿಯೊಂದರ ಪ್ರತಿನಿಧಿ 'ಜಿಐಎಸ್‌ ಲ್ಯಾಬ್‌' ಎಂದು ಕೊಟೇಶನ್‌ ಇಟ್ಟು ಹೋಗಿರುತ್ತಾನೆ. ಗೂಗಲ್‌ ಅರ್ಥ್‌ ಇದ್ದರೆ ಬೇರೇನೂ ಬೇಡ ಎನ್ನುವ ಸಹೋದ್ಯೋಗಿಯೂ ಇರುತ್ತಾರೆ. ಮುಖ್ಯ ಶಿಕ್ಷಕರಿಗೆ ಮಾತ್ರ ಯಾವುದಕ್ಕೆ ಸಹಿ ಹಾಕಬೇಕೆಂದು ಗೊತ್ತಾಗುವುದಿಲ್ಲ.

ಪರದೆಯ ಮೇಲೆ ನಕ್ಷೆ ನೋಡುವುದನ್ನೇ ಜಿಐಎಸ್‌ ಎಂದುಕೊಂಡರೆ ಆಯ್ಕೆ ತಪ್ಪುತ್ತದೆ. ಮಕ್ಕಳು ತಾವು ಕಲೆಹಾಕಿದ ಮಾಹಿತಿಯನ್ನು ಒಂದು ಪದರವಾಗಿ ಮಾಡಿ, ಅದನ್ನು ಇನ್ನೊಂದು ಪದರದ ಮೇಲಿಟ್ಟು, ಒಂದು ಪ್ರಶ್ನೆಗೆ ಉತ್ತರ ಹುಡುಕಿದಾಗಲೇ ಭೌಗೋಳಿಕ ಮಾಹಿತಿ ವ್ಯವಸ್ಥೆ ಶಾಲೆಗೆ ಬಂದಂತೆ. ಹಾಗಾಗಿ ಮೊದಲು ಬೇಕಾದದ್ದು ಪ್ರಶ್ನೆ. ಎಲ್ಲ ಆಯ್ಕೆಗಳನ್ನೂ ಒಂದೇ ಪ್ರಶ್ನೆಯ ಮೇಲೆ ಪರೀಕ್ಷಿಸಿದರೆ ಯಾವುದರ ಯೋಗ್ಯತೆ ಎಷ್ಟೆಂದು ಬೇಗ ತಿಳಿಯುತ್ತದೆ.

ನಾನು ಆರಿಸಿಕೊಂಡದ್ದು ಕೋಲಾರದ ಪ್ರಶ್ನೆ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಮೊದಲು ನೀರು ಕಂಡದ್ದು ಲಕ್ಷ್ಮೀಸಾಗರ ಕೆರೆ. ನೀರಿನ ಗುಣಮಟ್ಟದ ವಿವಾದ ಬೇರೆಯೇ ಇದೆ. ಒಂಬತ್ತನೇ ತರಗತಿಯ ಮಕ್ಕಳು ಕೇಳಬಹುದಾದ ಪ್ರಶ್ನೆ ಇಷ್ಟು: ಕೆರೆ ತುಂಬಿದ ಮೇಲೆ ಸುತ್ತಲಿನ ಯಾವ ಬೋರ್‌ವೆಲ್‌ಗಳಲ್ಲಿ ನೀರು ಏರಿತು, ಕೆರೆಯಿಂದ ಎಷ್ಟು ದೂರದವರೆಗೆ? ನಿಮ್ಮ ಊರು ಪಾವಗಡ, ಬಾಗೇಪಲ್ಲಿ ಅಥವಾ ಮುಂಡರಗಿಯ ಕಡೆಯದಾದರೆ, ಫ್ಲೋರೈಡ್‌ ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಬಾವಿಗಳು ಎಲ್ಲಿವೆ ಎಂದು ಕೇಳಿ. ಮಲೆನಾಡಾದರೆ ಗುಡ್ಡ ಕುಸಿದ ಜಾಗಗಳು, ಬೆಂಗಳೂರಾದರೆ ರಾಜಕಾಲುವೆಗೆ ಅಂಟಿಕೊಂಡ ಬಡಾವಣೆಗಳು. ಲೆಕ್ಕಾಚಾರದ ದಾರಿ ಒಂದೇ.

ಅಳೆಯುವ ಕೋಲುಗಳು

ಮೊದಲನೆಯದು, ಮಕ್ಕಳು ತಮ್ಮದೇ ಮಾಹಿತಿಯನ್ನು ಸೇರಿಸಲು ಸಾಧ್ಯವೇ? ಎರಡನೆಯದು, ಕರೆಂಟು ಹೋದಾಗ, ಇಂಟರ್ನೆಟ್‌ ಸಿಗದಾಗ ಎಷ್ಟು ಕೆಲಸ ನಡೆಯುತ್ತದೆ? ಮೂರನೆಯದು, ಕನ್ನಡ ಎಷ್ಟರ ಮಟ್ಟಿಗೆ ನಿಲ್ಲುತ್ತದೆ? ಮೆನು ಇಂಗ್ಲಿಷಿನಲ್ಲಿದ್ದರೆ ಮಕ್ಕಳು ಹೇಗೋ ಕಲಿಯುತ್ತಾರೆ, ಆದರೆ ತಾವು ಬರೆದ ಊರಿನ ಹೆಸರು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಕಂಡರೆ ಉತ್ಸಾಹ ಅಲ್ಲಿಗೇ ಮುಗಿಯುತ್ತದೆ. ನಾಲ್ಕನೆಯದು, ಮಕ್ಕಳು ತಮ್ಮ ಹೆಸರಿನಲ್ಲಿ ಖಾತೆ ತೆರೆಯಬೇಕೇ? 2023ರ ಡಿಜಿಟಲ್‌ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರೆಲ್ಲರನ್ನೂ ಮಕ್ಕಳೆಂದೇ ಪರಿಗಣಿಸುತ್ತದೆ. ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ.

ಐದನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು: ಎರಡನೇ ವರ್ಷ ಇದನ್ನು ನಡೆಸುವವರು ಯಾರು? ಕಲಿತ ಶಿಕ್ಷಕರು ವರ್ಗವಾಗಿ ಹೋದ ಮೇಲೂ ಉಳಿಯುವ ಆಯ್ಕೆ ನಿಜಕ್ಕೂ ಅಗ್ಗದ್ದು. ಸಾಫ್ಟ್‌ವೇರಿನ ಬೆಲೆ ಈ ಲೆಕ್ಕದ ಸಣ್ಣ ಭಾಗ ಮಾತ್ರ.

ಕಾಗದ ಮತ್ತು ಪಾರದರ್ಶಕ ಹಾಳೆ

ಇದನ್ನು ಆಯ್ಕೆಯೆಂದೇ ಲೆಕ್ಕಕ್ಕೆ ತೆಗೆದುಕೊಳ್ಳದವರು ಹೆಚ್ಚು. ನನ್ನ ಪಟ್ಟಿಯಲ್ಲಿ ಇದಕ್ಕೆ ಮೊದಲ ಸ್ಥಾನ.

ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ಸ್ಥಳಾಕೃತಿ ನಕ್ಷೆಗಳನ್ನು ಅದರ ಜಾಲತಾಣದಲ್ಲಿ ನೋಂದಾಯಿಸಿಕೊಂಡು ಪಿಡಿಎಫ್‌ ರೂಪದಲ್ಲಿ ಪಡೆಯಬಹುದು. ಕರ್ನಾಟಕದ ಭೂಮಾಪನ ಇಲಾಖೆ ಗ್ರಾಮ ನಕ್ಷೆಗಳನ್ನು ಸರ್ವೆ ನಂಬರುಗಳ ಗಡಿಯೊಡನೆ ಜಾಲತಾಣದಲ್ಲಿ ಇಟ್ಟಿದೆ. ಇವನ್ನು ದೊಡ್ಡ ಹಾಳೆಯಲ್ಲಿ ಮುದ್ರಿಸಿ, ಮೇಲೆ ಟ್ರೇಸಿಂಗ್‌ ಪೇಪರ್‌ ಅಥವಾ ಓಎಚ್‌ಪಿ ಶೀಟ್‌ ಹಾಸಿ. ಒಂದು ಹಾಳೆಯಲ್ಲಿ ಕೆರೆ ಮತ್ತು ಕಾಲುವೆ, ಇನ್ನೊಂದರಲ್ಲಿ ಬೋರ್‌ವೆಲ್‌ಗಳು, ಮೂರನೆಯದರಲ್ಲಿ ನೀರು ಏರಿದ ಬಾವಿಗಳಿಗೆ ನೀಲಿ ಚುಕ್ಕೆ, ಏರದವಕ್ಕೆ ಕೆಂಪು ಚುಕ್ಕೆ.

ದೂರದ ಲೆಕ್ಕವೂ ಇಲ್ಲೇ ಆಗುತ್ತದೆ. 1:50,000 ನಕ್ಷೆಯಲ್ಲಿ ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರ್‌. ಅರ್ಧ ಕಿಲೋಮೀಟರೆಂದರೆ ಒಂದೇ ಸೆಂಟಿಮೀಟರ್‌, ಮಕ್ಕಳ ಪೆನ್ಸಿಲಿಗೆ ಇದು ತೀರ ಇಕ್ಕಟ್ಟು. 1:7,920 ಪ್ರಮಾಣದ ಗ್ರಾಮ ನಕ್ಷೆಯಾದರೆ ಅದೇ ದೂರ ಆರು ಸೆಂಟಿಮೀಟರಿಗಿಂತ ತುಸು ಹೆಚ್ಚು. ಕೈವಾರವನ್ನು ಅಷ್ಟು ತೆರೆದು ಕೆರೆಯ ಅಂಚಿನುದ್ದಕ್ಕೂ ಕಮಾನುಗಳನ್ನು ಎಳೆದು, ಅವುಗಳ ಹೊರ ಅಂಚನ್ನು ಸೇರಿಸಿದರೆ ಕೆರೆಯ ಸುತ್ತ ಒಂದು ಪಟ್ಟಿ ಮೂಡುತ್ತದೆ. ಸಾಫ್ಟ್‌ವೇರುಗಳು ಬಫರ್‌ ಎಂದು ಕರೆಯುವುದು ಇದನ್ನೇ. ಒಂದು ಎಚ್ಚರಿಕೆ: ಪಿಡಿಎಫ್‌ ಮುದ್ರಿಸುವಾಗ 'ಪುಟಕ್ಕೆ ಹೊಂದಿಸು' ಆಯ್ಕೆ ಇದ್ದರೆ ಪ್ರಮಾಣ ಕೆಡುತ್ತದೆ. ನಕ್ಷೆಯ ಅಂಚಿನಲ್ಲಿ ಬರೆದ ಅಂಕಿಯನ್ನು ನಂಬದೆ, ಪ್ರಮಾಣ ಪಟ್ಟಿಯ ಮೇಲೆ ಸ್ಕೇಲ್‌ ಇಟ್ಟು ಅಳೆಯಿರಿ. ಪಟ್ಟಿ ಇಲ್ಲದಿದ್ದರೆ ನೆಲದ ಮೇಲೆ ಅಳೆದು ನೋಡಬಹುದಾದ ಎರಡು ಗುರುತುಗಳನ್ನು ಹಿಡಿದು ಲೆಕ್ಕ ಹಾಕಿ.

ಖರ್ಚು ಕೆಲವು ನೂರು ರೂಪಾಯಿ. ಕರೆಂಟು ಬೇಡ, ಖಾತೆ ಬೇಡ, ಕನ್ನಡದ ತೊಡಕಿಲ್ಲ. ಕೊರತೆಯೂ ಸ್ಪಷ್ಟ. ಬಾವಿಗಳು ಐವತ್ತು ದಾಟಿದರೆ ಹಾಳೆ ಗೋಜಲಾಗುತ್ತದೆ. ಅರ್ಧ ಕಿಲೋಮೀಟರಿನ ಬದಲು ಒಂದು ಕಿಲೋಮೀಟರ್‌ ಎಂದರೆ ಮತ್ತೆ ಮೊದಲಿನಿಂದ ಎಳೆಯಬೇಕು. ಮುಂದಿನ ವರ್ಷದ ತರಗತಿ ಹಿಂದಿನ ವರ್ಷದ ಅಂಕಿಗಳ ಜೊತೆ ಹೋಲಿಸುವುದು ಕಷ್ಟ. ಆದರೂ ಕಂಪ್ಯೂಟರ್‌ ಇರುವ ಶಾಲೆಗಳೂ ಮೊದಲ ಕೆಲವು ಪೀರಿಯಡ್‌ಗಳನ್ನು ಇದಕ್ಕೇ ಕೊಡಬೇಕು. ಕೈಯಿಂದ ಬಫರ್‌ ಎಳೆದ ಹುಡುಗಿಗೆ ಮುಂದೆ ಸಾಫ್ಟ್‌ವೇರಿನ ಬಫರ್‌ ಬಟನ್‌ ಏನು ಮಾಡುತ್ತದೆಂದು ವಿವರಿಸಬೇಕಾಗಿಲ್ಲ.

ನೋಡುವ ಸಾಧನಗಳು: ಗೂಗಲ್‌ ಅರ್ಥ್‌, ಭುವನ್‌, ಮಾರ್ಬಲ್‌

ಗೂಗಲ್‌ ಅರ್ಥ್‌ ಪ್ರೊ 2015ರಿಂದ ಉಚಿತ. ಇದರಲ್ಲಿ ನಮ್ಮ ಪ್ರಶ್ನೆಗೆ ಸಿಗುವ ದೊಡ್ಡ ಲಾಭ ಹಳೆಯ ಉಪಗ್ರಹ ಚಿತ್ರಗಳು. ಕಾಲದ ಪಟ್ಟಿಯನ್ನು 2018ರ ಹಿಂದಕ್ಕೂ ಮುಂದಕ್ಕೂ ಜರುಗಿಸಿ ಒಂದೇ ಕೆರೆಯ ಅಂಗಳವನ್ನು ಮಕ್ಕಳಿಗೆ ತೋರಿಸಬಹುದು. ಅರ್ಧ ಗಂಟೆಯ ಉಪನ್ಯಾಸ ಮಾಡಲಾಗದ ಕೆಲಸವನ್ನು ಆ ಎರಡು ಚಿತ್ರಗಳು ಮಾಡುತ್ತವೆ. ಗುರುತು ಇಡಬಹುದು, ದೂರ ಅಳೆಯಬಹುದು, ವೃತ್ತವನ್ನೂ ಎಳೆಯಬಹುದು. ಆದರೆ ಆ ವೃತ್ತ ಹುಟ್ಟುವುದು ಒಂದು ಬಿಂದುವಿನಿಂದ, ಅಂಕುಡೊಂಕಾದ ಕೆರೆಯ ಅಂಚಿನಿಂದಲ್ಲ. "ಪಟ್ಟಿಯೊಳಗಿನ ಬಾವಿಗಳಲ್ಲಿ ನೀರು ಏರಿದವು ಎಷ್ಟು?" ಎಂದು ಕೇಳಿದರೆ ಅದು ಎಣಿಸಿ ಹೇಳುವುದಿಲ್ಲ.

ಇಸ್ರೊ 2009ರಲ್ಲಿ ಆರಂಭಿಸಿದ ಭುವನ್‌ ಹೈದರಾಬಾದಿನ ರಾಷ್ಟ್ರೀಯ ದೂರ ಸಂವೇದಿ ಕೇಂದ್ರದ ಕೂಸು. ಚಿತ್ರದ ಸ್ಪಷ್ಟತೆಯಲ್ಲಿ ಗೂಗಲ್‌ಗೆ ಹೋಲಿಸಿ ಮೂಗು ಮುರಿಯುವವರಿದ್ದಾರೆ; ಅದರ ಬಲ ಇರುವುದು ಬೇರೆ ಕಡೆ. ಭೂಬಳಕೆ, ಅಂತರ್ಜಲದ ಸಾಧ್ಯತೆಯಂಥ ವಿಷಯವಾರು ಪದರಗಳು ಅಲ್ಲಿವೆ. ಎನ್‌ಸಿಇಆರ್‌ಟಿ ಪಠ್ಯಕ್ಕೆ ಹೊಂದಿಸಿದ ಸ್ಕೂಲ್‌ ಭುವನ್‌ ವಿಭಾಗವೂ ಇದೆ. ರಾಜ್ಯದ ದೂರ ಸಂವೇದಿ ಅನ್ವಯಿಕ ಕೇಂದ್ರದ ಕೆ-ಜಿಐಎಸ್‌ ಮತ್ತು ನಿಂತ ಜಾಗದ ಸರ್ವೆ ನಂಬರ್‌ ತೋರಿಸುವ ದಿಶಾಂಕ್‌ ಆ್ಯಪ್‌ ಇದೇ ಸಾಲಿಗೆ ಸೇರುತ್ತವೆ. ರೈತರ ಮಕ್ಕಳಿಗೆ ದಿಶಾಂಕ್‌ ತೋರಿಸಿ ನೋಡಿ, ತಮ್ಮ ಹೊಲದ ನಂಬರ್‌ ಫೋನಿನಲ್ಲಿ ಕಂಡ ಕ್ಷಣ ಅಕ್ಷಾಂಶ ರೇಖಾಂಶದ ಪಾಠ ತಾನಾಗಿ ಆರಂಭವಾಗುತ್ತದೆ.

ಇವೆಲ್ಲಕ್ಕೂ ಇಂಟರ್ನೆಟ್‌ ಬೇಕು. ಅದಿಲ್ಲದ, ಉಬುಂಟು ಹಾಕಿದ ಹಳೆಯ ಕಂಪ್ಯೂಟರುಗಳಿರುವ ಸರ್ಕಾರಿ ಪ್ರೌಢಶಾಲೆಗೆ ಮಾರ್ಬಲ್‌ ಎಂಬ ಮುಕ್ತ ತಂತ್ರಾಂಶದ ಗೋಳ ಇದೆ. ಕರ್ನಾಟಕದ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣವಾದ ಕೋಯರ್‌ನಲ್ಲಿ ಅದನ್ನು ಕಲಿಸುವ ಬಗೆ ದೊರೆಯುತ್ತದೆ. ಖಂಡ, ಹವಾಮಾನ, ಹಗಲು ರಾತ್ರಿಗಳಿಗೆ ಸಾಕು. ಊರಿನ ಕೆರೆಗೆ ಸಾಲದು.

ಫೋನ್‌ ಹಿಡಿದು ಹೊಲಕ್ಕೆ

ಮಕ್ಕಳು ಶಾಲೆಗೆ ಫೋನ್‌ ತರುವಂತಿಲ್ಲ, ಸರಿ. ಆದರೆ ಶಿಕ್ಷಕರ ಎರಡು ಫೋನ್‌ಗಳಿದ್ದರೂ ಎರಡು ತಂಡಗಳಾದವು. ಕೋಬೊ ಎಂಬ ಸಮೀಕ್ಷಾ ಸಾಧನದಲ್ಲಿ ಕನ್ನಡದಲ್ಲೇ ನಮೂನೆ ಮಾಡಬಹುದು: ಬಾವಿ ಕೊರೆದ ವರ್ಷ, ಆಳ ಎಷ್ಟು ಅಡಿ, 2018ಕ್ಕೆ ಮೊದಲು ನೀರಿತ್ತೇ, ಈಗ ಎಷ್ಟು ಇಂಚು ನೀರು ಬರುತ್ತದೆ. ಹೊಲದಲ್ಲಿ ಸಿಗ್ನಲ್‌ ಇಲ್ಲದಿದ್ದರೂ ಆ್ಯಪ್‌ ಜಿಪಿಎಸ್‌ ಬಿಂದುವಿನೊಡನೆ ಉತ್ತರ ಉಳಿಸಿಕೊಂಡು, ಸಂಪರ್ಕ ಸಿಕ್ಕಾಗ ಕಳುಹಿಸುತ್ತದೆ. ಖಾತೆ ಶಿಕ್ಷಕರದು ಒಂದೇ ಸಾಕು. ಬಯಲಿನಲ್ಲಿ ಸಾಮಾನ್ಯ ಫೋನಿನ ಜಿಪಿಎಸ್‌ ಕೆಲವೇ ಮೀಟರ್‌ ಹೆಚ್ಚುಕಡಿಮೆಯಾಗುತ್ತದೆ. ಬಾವಿಗೂ ಕೆರೆಗೂ ಇರುವ ದೂರದ ಲೆಕ್ಕಕ್ಕೆ ಅದು ತೊಂದರೆಯಲ್ಲ. ಹೊಲದ ಬದು ಗುರುತಿಸಲು ಹೊರಟರೆ ಜಗಳ ತಂದುಕೊಂಡಂತೆ.

ಓಪನ್‌ಸ್ಟ್ರೀಟ್‌ಮ್ಯಾಪ್‌ ಇನ್ನೊಂದು ದಾರಿ. 2004ರಲ್ಲಿ ಆರಂಭವಾದ, ಯಾರು ಬೇಕಾದರೂ ತಿದ್ದಬಹುದಾದ ಈ ಜಗತ್ತಿನ ನಕ್ಷೆಗೆ ಮಕ್ಕಳು ತಮ್ಮ ಊರಿನ ಶಾಲೆ, ಅಂಗನವಾಡಿ, ಬಸ್‌ ನಿಲ್ದಾಣ, ಗುಡಿಗಳನ್ನು ಕನ್ನಡದ ಹೆಸರಿನೊಡನೆ ಸೇರಿಸಬಹುದು. ತಮ್ಮ ಕೆಲಸ ನಾಳೆ ಬೇರೆಯವರಿಗೂ ಕಾಣುತ್ತದೆ ಎಂಬ ಹಿಗ್ಗನ್ನು ಈ ಪಟ್ಟಿಯ ಬೇರಾವ ಆಯ್ಕೆಯೂ ಇಷ್ಟು ಕೊಡದು. ಆದರೆ ಬೋರ್‌ವೆಲ್‌ನಲ್ಲಿ ಈ ವರ್ಷ ಎಷ್ಟು ನೀರಿದೆ ಎಂಬುದನ್ನು ಅಲ್ಲಿ ಹಾಕುವಂತಿಲ್ಲ; ಯಾರಾದರೂ ಸ್ಥಳಕ್ಕೆ ಹೋಗಿ ಖಚಿತಪಡಿಸಿಕೊಳ್ಳಬಹುದಾದ, ಬೇಗ ಬದಲಾಗದ ಸಂಗತಿಗಳಿಗೆ ಮಾತ್ರ ಅಲ್ಲಿ ಜಾಗ. ಗೂಗಲ್‌ ನಕ್ಷೆ ನೋಡಿ ಅಲ್ಲಿಗೆ ನಕಲು ಮಾಡುವುದು ಪರವಾನಗಿಗೆ ವಿರುದ್ಧ ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಬೇಕು. ಕೋಬೊ, ಓಪನ್‌ಸ್ಟ್ರೀಟ್‌ಮ್ಯಾಪ್‌ ಎರಡರಲ್ಲೂ ಮಕ್ಕಳ ಮನೆಗಳನ್ನು ಹೆಸರು ಹಾಕಿ ಗುರುತಿಸುವುದು ಬೇಡ.

ಕ್ಯೂಜಿಐಎಸ್‌

ನಮ್ಮ ಪ್ರಶ್ನೆಗೆ ಪೂರ್ತಿ ಉತ್ತರ ಕೊಡುವ ಉಚಿತ ಸಾಧನ ಇದೇ. 2002ರಲ್ಲಿ ಹುಟ್ಟಿದ ಮುಕ್ತ ತಂತ್ರಾಂಶ. ವಿಂಡೋಸ್‌, ಲಿನಕ್ಸ್‌ ಎರಡರಲ್ಲೂ ನಡೆಯುತ್ತದೆ. ಒಮ್ಮೆ ಹಾಕಿದ ಮೇಲೆ, ಮಾಹಿತಿ ಕಂಪ್ಯೂಟರಿನಲ್ಲೇ ಇದ್ದರೆ, ಇಂಟರ್ನೆಟ್‌ ಬೇಡ. ಖಾತೆ ಬೇಡ. ಕೆರೆಯ ಸುತ್ತ ಬಫರ್‌, ಅದರೊಳಗಿನ ಬಾವಿಗಳ ಎಣಿಕೆ, ಆಳಕ್ಕೆ ತಕ್ಕಂತೆ ಬಣ್ಣ ಎಲ್ಲವೂ ಸಾಧ್ಯ, ದೂರ ಬದಲಿಸಿ ಮತ್ತೆ ಮಾಡುವುದು ಕ್ಷಣದ ಕೆಲಸ. 32 ಬಿಟ್‌ನ ಹಳೆಯ ವಿಂಡೋಸ್‌ ಯಂತ್ರಗಳಿದ್ದರೆ 3.20 ಮತ್ತು ಅದರ ನಂತರದ ಆವೃತ್ತಿಗಳು ಅವುಗಳಲ್ಲಿ ನಡೆಯುವುದಿಲ್ಲ, ಅದನ್ನು ಮೊದಲೇ ನೋಡಿಕೊಳ್ಳಿ.

ಶಿಕ್ಷಕರು ಕ್ಯೂಜಿಐಎಸ್‌ ಕೈಬಿಡುವುದು ಸಾಮಾನ್ಯವಾಗಿ ಎರಡು ಜಾಗಗಳಲ್ಲಿ. ಎರಡಕ್ಕೂ ಪರಿಹಾರ ಸುಲಭ.

ಒಂದು, ಕನ್ನಡ. ಎಕ್ಸೆಲ್‌ನಿಂದ ಪಟ್ಟಿಯನ್ನು ಬರಿಯ ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಳ ಪಠ್ಯ ಕಡತ) ಆಗಿ ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. 'ಸಿಎಸ್‌ವಿ ಯುಟಿಎಫ್‌-8' ಎಂಬುದನ್ನೇ ಆರಿಸಬೇಕು. ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಪಟ್ಟಿಯನ್ನು ಯೂನಿಕೋಡ್‌ಗೆ ಪರಿವರ್ತಿಸದೆ ತಂದರೆ ಇಂಗ್ಲಿಷ್‌ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಇನ್ನು ಶೇಪ್‌ಫೈಲ್‌ ಎಂಬ ಹಳೆಯ ಕಡತ ಮಾದರಿಯಲ್ಲಿ ಕಾಲಂ ಹೆಸರಿಗೆ ಹತ್ತು ಬೈಟ್‌ಗಳಷ್ಟೇ ಜಾಗ, ಕನ್ನಡದ ಒಂದೊಂದು ಸಂಕೇತ ಮೂರು ಬೈಟ್‌ ನುಂಗುತ್ತದೆ. 'ಕೊಳವೆಬಾವಿ ಆಳ' ಎಂದು ಬರೆದದ್ದು ಮೊದಲ ಎರಡು ಮೂರು ಅಕ್ಷರಕ್ಕೇ ತುಂಡಾಗುವುದು ಇದರಿಂದ. ಜಿಯೋಪ್ಯಾಕೇಜ್‌ ಎಂಬ ಹೊಸ ಕಡತ ಮಾದರಿಯಲ್ಲಿ ಉಳಿಸಿದರೆ ಈ ಗೋಳಿಲ್ಲ.

ಎರಡು, ನಿರ್ದೇಶಾಂಕ ವ್ಯವಸ್ಥೆ. ಫೋನ್‌ ಕೊಡುವ ಬಿಂದುಗಳು ಡಿಗ್ರಿಯಲ್ಲಿರುತ್ತವೆ. ಅದೇ ಪದರಕ್ಕೆ 500 ಎಂದು ಬಫರ್‌ ಹಾಕಿದರೆ ಕ್ಯೂಜಿಐಎಸ್‌ ಅದನ್ನು 500 ಡಿಗ್ರಿ ಎಂದೇ ತಿಳಿಯುತ್ತದೆ, ಕೋಲಾರದ ಕೆರೆಯ ಪಟ್ಟಿ ಭೂಮಂಡಲವನ್ನೇ ನುಂಗುತ್ತದೆ. ಮೊದಲು ಪದರವನ್ನು ಮೀಟರ್‌ ಬಳಸುವ ಯುಟಿಎಂ ವ್ಯವಸ್ಥೆಗೆ ಬದಲಿಸಬೇಕು. ಕರ್ನಾಟಕದ ಬಹುಭಾಗ 43ನೇ ವಲಯದಲ್ಲಿದೆ, ಕ್ಯೂಜಿಐಎಸ್‌ನಲ್ಲಿ ಅದನ್ನು ಆರಿಸುವ ಸಂಕೇತ ಸಂಖ್ಯೆ ಇಪಿಎಸ್‌ಜಿ 32643. ಆದರೆ ವಲಯದ ಗಡಿ 78 ಡಿಗ್ರಿ ರೇಖಾಂಶ. ಮಾಲೂರು ಅದರ ಪಶ್ಚಿಮಕ್ಕೆ, ಕೋಲಾರ ಮತ್ತು ಮುಳಬಾಗಿಲು ಪೂರ್ವಕ್ಕೆ, 44ನೇ ವಲಯದಲ್ಲಿ. ಗಡಿಯ ಆಸುಪಾಸಿನ ಶಾಲೆ ಎರಡರಲ್ಲಿ ಒಂದನ್ನು ಆರಿಸಿ ಎಲ್ಲ ಪದರಗಳಿಗೂ ಅದನ್ನೇ ಬಳಸಿದರೆ ಸಾಕು. ಕೆರೆಯಂಥ ಸಣ್ಣ ಪ್ರದೇಶದಲ್ಲಿ ವ್ಯತ್ಯಾಸ ಗಣನೆಗೆ ಬಾರದು.

ಉಚಿತ ಎಂದ ಮಾತ್ರಕ್ಕೆ ಖರ್ಚಿಲ್ಲವೆಂದಲ್ಲ. ಇಲ್ಲಿ ಖರ್ಚಾಗುವುದು ಶಿಕ್ಷಕರ ಸಮಯ. ನಲವತ್ತು ನಿಮಿಷದ ಒಂದು ಪೀರಿಯಡ್‌ನಲ್ಲಿ ಕಂಪ್ಯೂಟರ್‌ ಚಾಲೂ ಆಗಿ, ಮಕ್ಕಳು ಕುಳಿತು, ಕಡತ ತೆರೆಯುವಷ್ಟರಲ್ಲಿ ಅರ್ಧ ಮುಗಿದಿರುತ್ತದೆ. ಎರಡು ಪೀರಿಯಡ್‌ ಒಟ್ಟಿಗೆ ಕೊಡಲು ಮುಖ್ಯ ಶಿಕ್ಷಕರು ಒಪ್ಪದಿದ್ದರೆ ಕ್ಯೂಜಿಐಎಸ್‌ ಆರಿಸಬೇಡಿ.

ಆರ್ಕ್‌ಜಿಐಎಸ್‌ ಆನ್‌ಲೈನ್‌

ಎಸ್ರಿ ಕಂಪನಿಯ ಈ ಸಾಧನ ಬ್ರೌಸರಿನಲ್ಲೇ ನಡೆಯುತ್ತದೆ. ಕಲಿಯುವುದು ಕ್ಯೂಜಿಐಎಸ್‌ಗಿಂತ ಸುಲಭ, ಫಲ ಕಣ್ಣಿಗೆ ಹಬ್ಬ. ನಕ್ಷೆ, ಚಿತ್ರ, ಬರಹ ಸೇರಿಸಿ ಕಥೆಯಂತೆ ಹೆಣೆಯುವ ಸ್ಟೋರಿಮ್ಯಾಪ್ಸ್‌ ವಿಜ್ಞಾನ ಮೇಳಕ್ಕೆ ಹೇಳಿ ಮಾಡಿಸಿದಂತಿದೆ. ಶಾಲೆಗಳಿಗೆ ಬೋಧನೆಗೆಂದು ವಿಶೇಷ ಪರವಾನಗಿ ಇದೆ; ಅದರ ಷರತ್ತು, ಅವಧಿ, ನವೀಕರಣದ ಶುಲ್ಕಗಳನ್ನು ಬರಹದಲ್ಲಿ ಪಡೆದ ನಂತರವೇ ಮುಂದುವರಿಯಿರಿ. ಸ್ಥಿರವಾದ ಇಂಟರ್ನೆಟ್‌ ಬೇಕು, ಮಕ್ಕಳಿಗೆ ಖಾತೆ ಬೇಕು, ಪರವಾನಗಿ ನಿಂತರೆ ಮಾಡಿದ ಕೆಲಸ ಕೈಗೆ ಸಿಗದೆ ಹೋಗುವ ಅಪಾಯವಿದೆ. ಪದರಗಳ ಪ್ರತಿಯನ್ನು ಆಗಾಗ ಇಳಿಸಿಟ್ಟುಕೊಳ್ಳುವ ಶಿಸ್ತಿರುವ, ಕಂಪ್ಯೂಟರ್‌ ಶಿಕ್ಷಕರಿರುವ ಶಾಲೆಗೆ ಇದು ಒಳ್ಳೆಯ ಆಯ್ಕೆ.

'ಜಿಐಎಸ್‌ ಲ್ಯಾಬ್‌' ಪ್ಯಾಕೇಜುಗಳ ಬಗ್ಗೆ ಹೆಚ್ಚು ಹೇಳಲಾರೆ, ಏಕೆಂದರೆ ಪೆಟ್ಟಿಗೆಯೊಳಗೆ ಇರುವುದು ಅನೇಕ ಬಾರಿ ಕಂಪ್ಯೂಟರ್‌, ಪ್ರೊಜೆಕ್ಟರ್‌, ಮತ್ತು ಮೇಲೆ ಹೇಳಿದ ಉಚಿತ ಸಾಧನಗಳೇ. ಮೂರು ಪ್ರಶ್ನೆ ಕೇಳಿ: ನಮ್ಮ ಊರಿನ ಮಾಹಿತಿ ಹಾಕಲು ಬರುತ್ತದೆಯೇ? ಎರಡನೇ ವರ್ಷದ ಶುಲ್ಕ ಎಷ್ಟು? ಹೊಸ ಶಿಕ್ಷಕರು ಬಂದರೆ ತರಬೇತಿ ಯಾರದು? ಮಾತು ತಡವರಿಸಿದರೆ ಕೊಟೇಶನ್‌ ವಾಪಸ್‌ ಕೊಡಿ.

ಯಾರಿಗೆ ಯಾವುದು

ಕಂಪ್ಯೂಟರ್‌ ಇಲ್ಲದ, ಅಥವಾ ಇದ್ದೂ ಧೂಳು ಹಿಡಿದಿರುವ ಶಾಲೆ: ಕಾಗದ ಮತ್ತು ಶಿಕ್ಷಕರ ಫೋನು. ಬೇರೇನೂ ಕೊಳ್ಳಬೇಡಿ. ಸುತ್ತಾಟ ಎಂಟು ಅಥವಾ ಒಂಬತ್ತನೇ ತರಗತಿಗೆ ಇರಲಿ, ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯಾಗಿಯೂ ಲೆಕ್ಕಕ್ಕೆ ಬರುತ್ತದೆ. ಹತ್ತನೆಯವರನ್ನು ಪರೀಕ್ಷೆಯ ವರ್ಷದಲ್ಲಿ ಇದಕ್ಕೆ ಎಳೆಯುವುದು ಬೇಡ.

ನಡೆಯುವ ನಾಲ್ಕೈದು ಕಂಪ್ಯೂಟರ್‌, ಬಂದುಹೋಗುವ ಇಂಟರ್ನೆಟ್‌, ಆಸಕ್ತಿಯ ಒಬ್ಬ ಶಿಕ್ಷಕರು: ಕೋಬೊದಿಂದ ಸಂಗ್ರಹ, ಕ್ಯೂಜಿಐಎಸ್‌ನಿಂದ ವಿಶ್ಲೇಷಣೆ. ದಾನಿಗಳ ಹಣವಿದ್ದರೆ ಸಾಫ್ಟ್‌ವೇರಿಗಲ್ಲ, ಯುಪಿಎಸ್‌ಗೆ, ದೊಡ್ಡ ನಕ್ಷೆಗಳ ಬಣ್ಣದ ಮುದ್ರಣಕ್ಕೆ, ಮತ್ತು ಇಬ್ಬರು ಶಿಕ್ಷಕರ ತರಬೇತಿಗೆ ಹಾಕಿ. ಒಬ್ಬರನ್ನೇ ತಯಾರು ಮಾಡಿದರೆ ಅವರ ವರ್ಗಾವಣೆಯ ಆದೇಶದೊಡನೆ ಜಿಐಎಸ್ಸೂ ಹೋಗುತ್ತದೆ.

ನಗರದ, ಒಳ್ಳೆಯ ಸಂಪರ್ಕವಿರುವ ಖಾಸಗಿ ಶಾಲೆ ಆರ್ಕ್‌ಜಿಐಎಸ್‌ ಆನ್‌ಲೈನ್‌ ನೋಡಬಹುದು. ಎನ್‌ಸಿಇಆರ್‌ಟಿಯ ಹನ್ನೆರಡನೇ ತರಗತಿಯ ಭೂಗೋಳದ ಪ್ರಾಯೋಗಿಕ ಪಠ್ಯದಲ್ಲಿ ಈ ತಂತ್ರಜ್ಞಾನ ಸೇರಿದೆ. ಅದನ್ನು ಓದುವವರಿಗೂ, ಮುಂದೆ ಇದೇ ಕ್ಷೇತ್ರಕ್ಕೆ ಹೋಗಬಯಸುವ ಪದವಿಪೂರ್ವ ವಿದ್ಯಾರ್ಥಿಗಳಿಗೂ ನಾನು ಕ್ಯೂಜಿಐಎಸ್‌ ಅನ್ನೇ ಹೇಳುತ್ತೇನೆ. ಮನೆಯ ಲ್ಯಾಪ್‌ಟಾಪಿನಲ್ಲೂ ಹಾಕಿಕೊಂಡು ಕಲಿಯಬಹುದು, ಯಾರ ಅನುಮತಿಯೂ ಬೇಡ.

ಯಾವುದನ್ನು ಆರಿಸಿದರೂ ಎರಡು ಮಾತು. ವಿದೇಶಿ ಮೂಲದ ನಕ್ಷೆಗಳಲ್ಲಿ ಭಾರತದ ಹೊರಗಡಿ ನಮ್ಮ ಅಧಿಕೃತ ಗಡಿಗಿಂತ ಬೇರೆಯಾಗಿರುತ್ತದೆ. ಮೇಳದಲ್ಲೋ ಗೋಡೆಯ ಮೇಲೋ ಹಾಕುವ ದೇಶದ ನಕ್ಷೆಗೆ ಸರ್ವೇಕ್ಷಣಾ ಇಲಾಖೆಯ ಗಡಿಯನ್ನೇ ಬಳಸಿ, ತಪ್ಪು ಗಡಿ ಪ್ರಕಟಿಸುವುದು ಕಾನೂನಿನ ಪ್ರಕಾರ ಅಪರಾಧ. ಇನ್ನೊಂದು, ಕೆರೆಯ ಹತ್ತಿರದ ಬಾವಿಗಳಲ್ಲಿ ನೀಲಿ ಚುಕ್ಕೆ ಹೆಚ್ಚಿದ ಮಾತ್ರಕ್ಕೆ ಕೆ.ಸಿ. ವ್ಯಾಲಿಯೇ ಕಾರಣ ಎಂದು ಚಾರ್ಟಿನಲ್ಲಿ ಬರೆಸಬೇಡಿ. 2021 ಮತ್ತು 2022ರಲ್ಲಿ ಕೋಲಾರದಲ್ಲಿ ಮಳೆಯೂ ಜೋರಾಗಿತ್ತು. ಯೋಜನೆಯ ನೀರು ಬಾರದ ಕೆರೆಯೊಂದರ ಸುತ್ತಲಿನ ಬಾವಿಗಳನ್ನೂ ಅದೇ ನಮೂನೆಯಲ್ಲಿ ತುಂಬಿಸಿ, ಎರಡೂ ಪದರಗಳನ್ನು ಅಕ್ಕಪಕ್ಕ ಇಟ್ಟು ನೋಡಲು ಹೇಳಿ. ತಂಡಗಳನ್ನು ಮಾಡುವಾಗಲೇ ಒಂದು ತಂಡಕ್ಕೆ ಆ ಎರಡನೇ ಕೆರೆಯನ್ನು ವಹಿಸಿಬಿಟ್ಟರೆ ಮತ್ತೊಮ್ಮೆ ಹೊಲಕ್ಕೆ ಹೋಗುವ ಶ್ರಮ ಉಳಿಯುತ್ತದೆ.